ಪ್ರತಿಕ್ರಿಯೆ: ಐವಿಎಫ್ ಮಗುವಿಗೆ ಮುಂದೆ ಮಕ್ಕಳಾಗುತ್ತವಾ?

ಐವಿಎಫ್‌ನಲ್ಲಿ (ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯಲ್ಲಿ) ಹುಟ್ಟಿದವರಿಗೆ ಮುಂದೆ ಸಹಜವಾಗಿ ಮಕ್ಕಳಾಗಲ್ಲ ಅಂತ ನಿಮ್ಮ ಅತ್ತೆ ಹೇಳಿದ್ದಾರೆ, ನಿಜಾನಾ ಅಂತ ಕೇಳಿದ್ದೀರಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್. 2006ರಲ್ಲಿ ಅವರಿಗೆ ಗಂಡು ಮಗುವಾಯಿತು, ಯಾವ ಚಿಕಿತ್ಸೆಯೂ ಇಲ್ಲದೆ. ಅವರ ತಂಗಿ ನಟಾಲಿ ಕೂಡ ಐವಿಎಫ್ ಮಗುವೇ. ಆಕೆ 1999ರಲ್ಲೇ ತಾಯಿಯಾಗಿದ್ದರು.

ಲ್ಯಾಬಿನ ತಟ್ಟೆಯಲ್ಲಿ ಅಂಡಾಣು, ವೀರ್ಯಾಣು ಸೇರುತ್ತವೆ, ಭ್ರೂಣ ಮೂರರಿಂದ ಐದು ದಿನ ಬೆಳೆಯುತ್ತದೆ, ಅಷ್ಟೇ. ಆಮೇಲಿನದೆಲ್ಲ ನಿಮ್ಮ ಹೊಟ್ಟೆಯಲ್ಲೇ, ವಾಂತಿ, ಬಯಕೆ ಸಮೇತ!

ಒಂದನ್ನು ಮಾತ್ರ ಡಾಕ್ಟರ್ ಹತ್ತಿರ ಕೇಳಿ. ನಿಮ್ಮ ಯಜಮಾನರಿಗೆ ವೀರ್ಯಾಣು ತೀರಾ ಕಡಿಮೆ ಇದ್ದು, ಅದಕ್ಕೆ ವೈ ಕ್ರೋಮೋಸೋಮಿನ (ತಂದೆಯಿಂದ ಗಂಡು ಮಕ್ಕಳಿಗೆ ಮಾತ್ರ ಬರುವ ವಂಶವಾಹಿ ಎಳೆ) ದೋಷ ಕಾರಣವಾಗಿದ್ದರೆ, ಆ ದೋಷ ಗಂಡು ಮಗುವಿಗೂ ಬರುತ್ತದೆ. ಅದು ಐವಿಎಫ್ ತಪ್ಪಲ್ಲ. ಮೊದಲೇ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.