ಹುಳಿ ಯಾವಾಗ ಬೀಳಬೇಕು? ರಷ್ಯನ್ ಮನೆಯಡುಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ರಷ್ಯಾದಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳವು, ಒಂದೆರಡು ಬೆಂಗಳೂರಿನವು. ರಷ್ಯನ್ ಅಡುಗೆಯಲ್ಲಿ ಮಸಾಲೆ ಕಡಿಮೆ. ಹುಳಿ, ಉಪ್ಪು, ಬಿಸಿ, ಸಮಯ ಈ ನಾಲ್ಕೇ ರುಚಿ ತರಬೇಕು. ಹಾಗಾಗಿ ಇವುಗಳಲ್ಲಿ ಒಂದು ಸ್ವಲ್ಪ ತಪ್ಪಿದರೂ ಮುಚ್ಚಿಡಲು ಜಾಗವಿಲ್ಲ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಎರಡು ಸಲ ಹುಳಿ ಎಲೆಕೋಸು ಹಾಕಿದೆ. ಮೊದಲ ಸಲ ಲೋಳೆಯಾಯಿತು, ಎರಡನೇ ಸಲ ಮೆತ್ತಗಾಗಿ ಕಹಿ ಬಂತು. ಅಂಗಡಿಯದ್ದು ಗರಿಗರಿಯಾಗಿರುತ್ತದೆ. ನನ್ನದು ಯಾಕೆ ಹೀಗೆ? (ಟ್ವೆರ್)

ಜಾಡಿಯನ್ನು ಎಲ್ಲಿಟ್ಟಿದ್ದೀರಿ ಎಂದು ನೀವು ಬರೆದಿಲ್ಲ. ಕಿಟಕಿಯ ಕೆಳಗೆ, ಬಿಸಿನೀರಿನ ಕೊಳವೆಯ ಪಕ್ಕದಲ್ಲಿ ಇಟ್ಟಿದ್ದರೆ ಲೋಳೆಗೆ ಕಾರಣ ಬಹುತೇಕ ಅದೇ. ಕ್ವಾಶೆನಾಯಾ ಕಪುಸ್ತಾ, ಅಂದರೆ ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸು, 18ರಿಂದ 20 ಡಿಗ್ರಿಯಲ್ಲಿ ಚೆನ್ನಾಗಿ ಆಗುತ್ತದೆ. 25 ದಾಟಿದರೆ ಬ್ಯಾಕ್ಟೀರಿಯಾಗಳು ಅವಸರದಲ್ಲಿ ಸಕ್ಕರೆ ತಿಂದು ಲೋಳೆ ಬಿಡುತ್ತವೆ, ಎಲೆಯೂ ಮೆತ್ತಗಾಗುತ್ತದೆ. ಕ್ಯಾರೆಟ್ ಜಾಸ್ತಿ ಹಾಕಿದರೂ, ಬೇಗ ಹುಳಿ ಬರಲೆಂದು ಸಕ್ಕರೆ ಸೇರಿಸಿದರೂ ಇದೇ ಪಾಡು.

ಕೋಸಿನ ಆಯ್ಕೆಯಿಂದಲೇ ಶುರುಮಾಡಿ. ಬೇಸಿಗೆಯ ಎಳೆಯ, ಹಸಿರು, ಸಡಿಲ ಕೋಸು ಇದಕ್ಕೆ ಆಗುವುದಿಲ್ಲ. ಅದರಲ್ಲಿ ಹುಳಿಗೆ ಬೇಕಾದ ಸಕ್ಕರೆ ಕಡಿಮೆ, ಎಲೆಯೂ ತೆಳು. ಅಕ್ಟೋಬರ್ 14ರ ಪೊಕ್ರೋವ್ ಹಬ್ಬದ ಆಸುಪಾಸಿನಿಂದ ಸಂತೆಗೆ ಬರುವ ಗಟ್ಟಿ, ಭಾರದ, ಒಳಗೆ ಬೆಳ್ಳಗಿರುವ ಕೋಸುಗಳನ್ನು ಆರಿಸಿ. ಎರಡು ಕೈಯಲ್ಲಿ ಹಿಡಿದು ಒತ್ತಿದರೆ ಕಿರ್ ಎನ್ನಬೇಕು. ‘ಸ್ಲಾವಾ’ ಅಥವಾ ‘ಮಾಸ್ಕೋವ್ಸ್ಕಯಾ ಪೋಜ್ದ್ನಯಾ’ ತಳಿ ಇದೆಯೇ ಎಂದು ಕೇಳಿದರೆ ಮಾರುವ ಅಜ್ಜಿಗೆ ನೀವು ಯಾಕೆ ಕೊಳ್ಳುತ್ತಿದ್ದೀರಿ ಎಂದು ತಕ್ಷಣ ತಿಳಿಯುತ್ತದೆ.

ಅಳತೆ ಹೀಗೆ: ಸಣ್ಣಗೆ ಉದ್ದುದ್ದ ಹೆಚ್ಚಿದ ಕೋಸು 2 ಕಿಲೋ, ತುರಿದ ಕ್ಯಾರೆಟ್ 100 ಗ್ರಾಂ, ಅಯೋಡಿನ್ ಇಲ್ಲದ ಕಲ್ಲುಪ್ಪು 42 ಗ್ರಾಂ, ಅಂದರೆ ಒಟ್ಟು ತೂಕದ ಶೇ 2. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ. ಹರಳಿನ ಗಾತ್ರ ಬದಲಾದರೆ ಚಮಚದ ತೂಕವೂ ಬದಲಾಗುತ್ತದೆ. ಶೇ 1.5ಕ್ಕಿಂತ ಇಳಿದರೆ ಕೋಸು ಮೆತ್ತಗಾಗುತ್ತದೆ, 3 ದಾಟಿದರೆ ಹುಳಿ ಹತ್ತುವುದು ನಿಧಾನವಾಗುತ್ತದೆ. ಉಪ್ಪು ಹಾಕಿ ರಸ ಬಿಡುವಷ್ಟು ಮಾತ್ರ ಹಿಸುಕಿ, ಚಪಾತಿ ಹಿಟ್ಟಿನಂತೆ ನಾದಬೇಡಿ. 3 ಲೀಟರ್ ಜಾಡಿಗೆ ಹಿಡಿ ಹಿಡಿಯಾಗಿ ತುಂಬಿ ಒತ್ತಿ. ಕೋಸು ಯಾವಾಗಲೂ ತನ್ನ ರಸದೊಳಗೆ ಮುಳುಗಿರಬೇಕು. ಕೆಳಗೊಂದು ತಟ್ಟೆ ಇಡಿ, ಎರಡನೇ ದಿನ ರಸ ಉಕ್ಕಿ ಹೊರಗೆ ಬರುತ್ತದೆ.

ಇನ್ನು ಕಹಿ. ದಿನಕ್ಕೆರಡು ಸಲ ಮರದ ಕಡ್ಡಿಯನ್ನು ಜಾಡಿಯ ತಳದವರೆಗೆ ಚುಚ್ಚಿ, ನಾಲ್ಕಾರು ಕಡೆ. ಗುಳುಗುಳು ಎಂದು ಗುಳ್ಳೆ ಮೇಲೆ ಬರುತ್ತದೆ, ವಾಸನೆ ಸ್ವಲ್ಪ ಮೂಗಿಗೆ ಹೊಡೆಯುತ್ತದೆ. ಆ ಗಾಳಿ ಒಳಗೇ ಉಳಿದರೆ ಕಹಿಯೂ ಉಳಿಯುತ್ತದೆ. ನೀವು ಬಿಟ್ಟಿರುವ ಕೆಲಸ ಇದೇ ಇರಬೇಕು. ನಾಲ್ಕೈದು ದಿನಕ್ಕೆ ನೊರೆ ಇಳಿದು ರಸ ತಿಳಿಯಾಗುತ್ತಾ ಬಂದಾಗ ಮುಚ್ಚಳ ಹಾಕಿ ಫ್ರಿಜ್‌ಗೆ ಸೇರಿಸಿ. ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿದರೆ ತೆಗೆದರೆ ಸಾಕು. ಬಣ್ಣ ಬಣ್ಣದ ಬೂಷ್ಟು ಕಂಡರೆ ಇಡೀ ಜಾಡಿ ಚೆಲ್ಲಿ.

ಪ್ರಶ್ನೆ: ನಾನು ಸಸ್ಯಾಹಾರಿ. ಹುಳಿ ಕೋಸಿನ ಶ್ಚಿ (ಎಲೆಕೋಸಿನ ಸೂಪ್) ಮಾಡಿದೆ. ಮುಕ್ಕಾಲು ಗಂಟೆ ಕುದಿಸಿದರೂ ಆಲೂಗಡ್ಡೆ ಬೇಯಲಿಲ್ಲ, ಸ್ಮೆತಾನಾ (ಹುಳಿ ಬರಿಸಿದ ಕೆನೆ) ಹಾಕಿದರೆ ಒಡೆದು ಹೋಯಿತು. ಮಾಂಸವಿಲ್ಲದೆ ಶ್ಚಿ ಆಗುವುದೇ ಇಲ್ಲವೇ? (ಕಜಾನ್)

ಖಂಡಿತ ಆಗುತ್ತದೆ. ಆರ್ಥೊಡಾಕ್ಸ್ ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮೂರೂ ನಿಷಿದ್ಧ. ಆಗ ಒಣ ಅಣಬೆಯ ಶ್ಚಿಯೇ ಮನೆಯ ಊಟ. ಅದು ಮಾಂಸದ ಶ್ಚಿಗೆ ಬದಲಿಯಲ್ಲ, ತನ್ನಷ್ಟಕ್ಕೆ ತಾನೇ ಪೂರ್ಣವಾದ ಅಡುಗೆ.

ಆಲೂಗಡ್ಡೆ ಬೇಯದಿದ್ದುದಕ್ಕೆ ಕಾರಣ ನಿಮ್ಮ ಮನೆಯ ಅಡುಗೆಮನೆಯಲ್ಲೇ ಇದೆ. ತರಕಾರಿ ಬೆಂದ ಮೇಲೆಯೇ ಹುಣಸೆಹುಳಿ ಹಾಕಬೇಕು ಎಂದು ಸಾರು ಮಾಡುವವರೆಲ್ಲ ಹೇಳುತ್ತಾರಲ್ಲ, ಅದೇ ನಿಯಮ. ಹುಳಿಯ ನೀರಿನಲ್ಲಿ ತರಕಾರಿಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಕರಗುವುದಿಲ್ಲ. ಒಮ್ಮೆ ಹುಳಿ ಬಿತ್ತೆಂದರೆ ಆಲೂಗಡ್ಡೆ ಎಷ್ಟು ಕುದಿಸಿದರೂ ಒಳಗೆ ಕರುಕ್ ಎನ್ನುತ್ತಲೇ ಇರುತ್ತದೆ.

ಆರು ಜನಕ್ಕೆ ಹೀಗೆ ಮಾಡಿ. 40 ಗ್ರಾಂ ಒಣ ಬೆಲಿ ಗ್ರಿಬ್ (‘ಬಿಳಿ ಅಣಬೆ’, ಅಂದರೆ ಪೊರ್ಚಿನಿ; ಬಟನ್ ಅಣಬೆಯಲ್ಲ) ಅನ್ನು ಒಂದು ಲೀಟರ್ ತಣ್ಣೀರಿನಲ್ಲಿ ಮೂರು ಗಂಟೆ ನೆನೆಸಿ. ಅಣಬೆಯನ್ನು ಕೈಯಿಂದ ಎತ್ತಿಕೊಳ್ಳಿ, ನೀರನ್ನು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಮರಳಿರುತ್ತದೆ, ಕೊನೆಯ ಎರಡು ಚಮಚ ಬಿಟ್ಟುಬಿಡಿ. ಅಣಬೆ ಹೆಚ್ಚಿ, ಅದೇ ನೀರಿಗೆ ಇನ್ನೊಂದು ಲೀಟರ್ ಸೇರಿಸಿ ಅರ್ಧ ಗಂಟೆ ಕುದಿಸಿ. ಇತ್ತ ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಸೂರ್ಯಕಾಂತಿ ಎಣ್ಣೆ, ಹೆಚ್ಚಿದ ಈರುಳ್ಳಿ, ಕ್ಯಾರೆಟ್ ಬಾಡಿಸಿ. ಹಿಂಡಿದ 600 ಗ್ರಾಂ ಹುಳಿ ಕೋಸು, ಒಂದು ಸೌಟು ಅಣಬೆ ನೀರು ಹಾಕಿ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 50 ನಿಮಿಷ ಬಿಡಿ. ಈ ಹಂತವನ್ನು ದಯವಿಟ್ಟು ಕಡಿಮೆ ಮಾಡಬೇಡಿ. ಕೋಸು ಹೊಂಬಣ್ಣಕ್ಕೆ ತಿರುಗಿ, ಹುಳಿ ಹದಗೊಂಡು ಸಿಹಿ ಮೇಲೆ ಬರುವುದು ಇಲ್ಲೇ. ಹಿಂದೆ ಹಳ್ಳಿಮನೆಯ ಒಲೆಯಲ್ಲಿ, ಬೆಂಕಿ ತೆಗೆದ ಮೇಲೆ ನಿಧಾನವಾಗಿ ಇಳಿಯುವ ಕಾವಿನಲ್ಲಿ ಗಂಟೆಗಟ್ಟಲೆ ಮಡಕೆ ಇಡುತ್ತಿದ್ದರು. ನೀವು ಗ್ಯಾಸ್ ಮೇಲೆ ಮಾಡುತ್ತಿರುವುದು ಅದರ ನಕಲು.

ಅಷ್ಟರಲ್ಲಿ ಅಣಬೆ ನೀರಿಗೆ 300 ಗ್ರಾಂ ಆಲೂಗಡ್ಡೆ ಹೋಳು ಹಾಕಿ ಚಾಕು ಸಲೀಸಾಗಿ ಇಳಿಯುವಷ್ಟು ಬೇಯಿಸಿ. ಆಮೇಲಷ್ಟೇ ಕೋಸು ಸುರಿಯಿರಿ. ಎರಡು ಬಿರಿಯಾನಿ ಎಲೆ, ಆರೇಳು ಕಾಳುಮೆಣಸು ಹಾಕಿ 15 ನಿಮಿಷ ಸಣ್ಣಗೆ ಕುದಿಸಿ. ಉಪ್ಪು ಎಲ್ಲಕ್ಕಿಂತ ಕೊನೆಗೆ, ರುಚಿ ನೋಡಿ. ಕೋಸಿನಲ್ಲೇ ಬೇಕಾದಷ್ಟಿರುತ್ತದೆ. ಹುಳಿ ಮೀರಿದರೆ ಕೋಸನ್ನು ನಲ್ಲಿಯಡಿ ತೊಳೆಯಬೇಡಿ, ಬೇಯುವಾಗ ಒಂದು ಚಮಚ ಸಕ್ಕರೆ ಹಾಕಿ.

ಸ್ಮೆತಾನಾವನ್ನು ಕುದಿಯುವ ಪಾತ್ರೆಗೆ ಎಂದೂ ಹಾಕಬಾರದು. ಬಟ್ಟಲಿಗೆ ಬಡಿಸಿದ ಮೇಲೆ ಒಂದು ಚಮಚ, ಅದೂ ಶೇ 20ರ ಕೊಬ್ಬಿನದು. ಶೇ 10ರದ್ದು ಬಿಸಿ ಮತ್ತು ಹುಳಿ ಎರಡನ್ನೂ ಒಟ್ಟಿಗೆ ತಾಳಲಾರದು.

ನಾಳೆ ತಿನ್ನಲೆಂದೇ ಇಂದು ಮಾಡುವುದಾದರೆ ಆಲೂಗಡ್ಡೆ ಬಿಟ್ಟುಬಿಡಿ. ಒಂದು ದಿನ ಇಟ್ಟು ತಿನ್ನುವ ಶ್ಚಿಗೆ ‘ಸುತೊಚ್ನಿ’ ಎಂಬ ಹೆಸರೇ ಇದೆ. ಮರುದಿನದ ರುಚಿಗೆ ಮೊದಲ ದಿನದ್ದು ಸಮವಲ್ಲ. ಶ್ಚಿಗೆ ಆಲೂಗಡ್ಡೆ ಬಂದದ್ದೂ ತಡವಾಗಿಯೇ: 1840ರ ದಶಕದ ಆರಂಭದಲ್ಲೂ ಆಲೂಗಡ್ಡೆ ಬೆಳೆಯಿರಿ ಎಂಬ ಸರ್ಕಾರದ ಒತ್ತಾಯಕ್ಕೆ ರೈತರು ದಂಗೆ ಎದ್ದಿದ್ದರು.

ಪ್ರಶ್ನೆ: ಬೆಂಗಳೂರಿನಲ್ಲಿ ಕುಟ್ಟು (ಬಕ್‌ವೀಟ್) ಕಾಳು ತಂದು ಗ್ರೆಚ್ಕಾ ಮಾಡಿದೆ, ಗಂಜಿಯಾಯಿತು.

ನೀವು ತಂದದ್ದು ಹುರಿಯದ, ತಿಳಿ ಹಸಿರು ಕಾಳು. ರಷ್ಯಾದ ಅಂಗಡಿಯಲ್ಲಿ ಸಿಗುವ ಕಂದು ಗ್ರೆಚ್ಕಾ ಕಾರ್ಖಾನೆಯಲ್ಲೇ ಶಾಖ ಕೊಟ್ಟು ಬಂದಿರುತ್ತದೆ. ನಿಮ್ಮ ಕಾಳನ್ನು ತೊಳೆದು, ನೀರಾರಿಸಿ, ಒಣ ಬಾಣಲೆಯಲ್ಲಿ ಏಳೆಂಟು ನಿಮಿಷ ಹುರಿಯಿರಿ. ಬಣ್ಣ ತಿರುಗಿ, ಹುರಿದ ಕಡಲೆಬೀಜದಂಥ ಘಮ ಬರಬೇಕು. ಒಂದು ಲೋಟಕ್ಕೆ ಒಂದೂ ಮುಕ್ಕಾಲು ಲೋಟ ನೀರು, ಅರ್ಧ ಚಮಚ ಉಪ್ಪು. ಕಂದು ಕಾಳಾದರೆ ನೀರು ಸರಿಯಾಗಿ ಎರಡು ಲೋಟ. ಕುದಿ ಬಂದ ಮೇಲೆ ಮುಚ್ಚಿ, ಉರಿ ತಗ್ಗಿಸಿ 15 ನಿಮಿಷ. ಸೌಟು ಹಾಕಲೇಬೇಡಿ, ಮುಚ್ಚಳ ತೆಗೆಯಲೂ ಬೇಡಿ. ಇಳಿಸಿ, ದಪ್ಪ ಟವೆಲ್ ಸುತ್ತಿ ಇನ್ನು 15 ನಿಮಿಷ ಬಿಟ್ಟರೆ ಕಾಳು ಕಾಳು ಬಿಡಿಯಾಗುತ್ತದೆ. ಕೊನೆಗೆ ಬೆಣ್ಣೆ, 25 ಗ್ರಾಂ. ಬೆಣ್ಣೆ ಹೆಚ್ಚಾಗಿ ಕಾಶಾ (ಬೇಯಿಸಿದ ಧಾನ್ಯದ ಅಡುಗೆ) ಕೆಡುವುದಿಲ್ಲ ಎನ್ನುವುದು ಅಲ್ಲಿನ ಗಾದೆ. ಪ್ಯಾಕೆಟ್ ಮೇಲೆ ‘ಪ್ರೊದೆಲ್’ ಎಂದಿದ್ದರೆ ಅದು ನುಚ್ಚು, ಉದುರಾಗುವುದಿಲ್ಲ. ‘ಯಾದ್ರಿತ್ಸಾ’ ಎಂದಿರುವುದನ್ನು ತನ್ನಿ.

ಪ್ರಶ್ನೆ: ಪನೀರ್ ಪುಡಿಮಾಡಿ ಸಿರ್ನಿಕಿ (ತವಾದಲ್ಲಿ ಬೇಯಿಸುವ ತ್ವೊರೋಗ್ ಬಿಲ್ಲೆ) ಮಾಡಿದರೆ ರಬ್ಬರಿನಂತೆ ಗಟ್ಟಿ, ಮೊಸರು ಕಟ್ಟಿ ಮಾಡಿದರೆ ತವಾ ಮೇಲೆ ಹರಡಿಹೋಗುತ್ತದೆ. (ಬೆಂಗಳೂರು)

ಸಿರ್ನಿಕಿಗೆ ಬೇಕಾದ ತ್ವೊರೋಗ್ ಇವೆರಡರ ನಡುವಿನದು. ಪನೀರ್ ಕುದಿಯುವ ಹಾಲನ್ನು ಹುಳಿ ಹಿಂಡಿ ಒಡೆಸಿದ್ದು, ತ್ವೊರೋಗ್ ಮೊಸರನ್ನು ಮೆಲ್ಲಗೆ ಬೆಚ್ಚಗೆ ಮಾಡಿ ಸೋಸಿದ್ದು. ಎರಡು ಲೀಟರ್ ಗಟ್ಟಿ ಹಾಲಿನ, ತುಸು ಹುಳಿ ತಿರುಗಿದ ಮೊಸರಿನ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಕಲಕಬೇಡಿ. 35–40 ನಿಮಿಷದಲ್ಲಿ ಮೊಸರು ಅಂಚು ಬಿಟ್ಟು, ತಿಳಿ ಹಳದಿ ನೀರು ಕಾಣುತ್ತದೆ. ಬೆರಳದ್ದಿದರೆ ಚುರುಕೆನ್ನುವಷ್ಟು, ಸುಮಾರು 55–60 ಡಿಗ್ರಿ ಸಾಕು. ಕುದಿಸಿದರೆ ಮತ್ತೆ ಪನೀರಿನ ಹರಳೇ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಐದು ಗಂಟೆ ತೂಗುಹಾಕಿ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು.

400 ಗ್ರಾಂ ತ್ವೊರೋಗ್ ಅನ್ನು ಜರಡಿಯಲ್ಲಿ ತಿಕ್ಕಿ ನುಣ್ಣಗೆ ಮಾಡಿ. ಒಂದು ಮೊಟ್ಟೆಯ ಹಳದಿ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಮೈದಾ. ಸಕ್ಕರೆ ಹೆಚ್ಚಿಸಬೇಡಿ, ಅದು ನೀರು ಬಿಡಿಸುತ್ತದೆ. ಹರಡುತ್ತದೆಂದು ಮೈದಾ ಸುರಿದರೆ ಬರೀ ಹಿಟ್ಟಿನ ರೊಟ್ಟಿ. ಮೊಟ್ಟೆ ಬೇಡವಾದರೆ ಮೂರು ಚಮಚ ಚಿರೋಟಿ ರವೆ ಕಲಸಿ 20 ನಿಮಿಷ ಬಿಡಿ. ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ತಟ್ಟಿ, ಮೈದಾದಲ್ಲಿ ಹೊರಳಿಸಿ, ದಪ್ಪ ತವಾದಲ್ಲಿ ಮಧ್ಯಮ ಉರಿಗಿಂತ ಕಡಿಮೆಯಲ್ಲಿ ಪ್ರತಿ ಬದಿ ನಾಲ್ಕು ನಿಮಿಷ. ಎರಡನೇ ಬದಿಗೆ ಮುಚ್ಚಳ ಹಾಕಿದರೆ ಒಳಗೂ ಬೇಯುತ್ತದೆ.

ಪ್ರಶ್ನೆ: ಜುಲೈ ಸೆಕೆಗೆ ಒಕ್ರೋಶ್ಕಾ (ತಣ್ಣನೆಯ ತರಕಾರಿ ಸೂಪ್) ಮಾಡಿದರೆ ಸಿಹಿ ಪಾನಕಕ್ಕೆ ತರಕಾರಿ ಹಾಕಿದಂತಾಯಿತು. (ವೊಲ್ಗೊಗ್ರಾದ್)

ಕುಡಿಯುವ ಕ್ವಾಸ್ (ರೈ ಬ್ರೆಡ್ಡಿನಿಂದ ಹುಳಿ ಬರಿಸಿದ ಪಾನೀಯ) ತಂದಿದ್ದೀರಿ, ಅದರಲ್ಲಿ ಸಕ್ಕರೆ ಇರುತ್ತದೆ. ‘ಒಕ್ರೋಶೆಚ್ನಿ’ ಎಂದು ಬರೆದಿರುವ ಹುಳಿ ಕ್ವಾಸ್ ಸಿಗದಿದ್ದರೆ ಮೂರು ಪಾಲು ಕೆಫೀರ್‌ಗೆ (ತೆಳು ಮೊಸರಿನಂಥ ಹುಳಿ ಹಾಲು) ಒಂದು ಪಾಲು ತಣ್ಣನೆಯ ಸೋಡಾ ನೀರು ಸೇರಿಸಿ. ನಮ್ಮ ಮಜ್ಜಿಗೆ ಬಲ್ಲ ನಾಲಿಗೆಗೆ ಇದೇ ಬೇಗ ಹಿಡಿಸುತ್ತದೆ. ನಾಲ್ಕು ಜನಕ್ಕೆ ಒಂದು ಲೀಟರ್. ಬೇಯಿಸಿದ ಮೂರು ಆಲೂಗಡ್ಡೆ, ನಾಲ್ಕು ಮೊಟ್ಟೆ, ಮೂರು ಸೌತೆಕಾಯಿ, ಎಂಟು ಕೆಂಪು ಮೂಲಂಗಿ ಎಲ್ಲವೂ ಬಟಾಣಿ ಗಾತ್ರಕ್ಕೆ.

ಹೆಚ್ಚಿನವರು ಬಿಡುವ ಹಂತ ಮುಂದಿನದು. ಎರಡು ಬೆಂದ ಹಳದಿ, ಒಂದು ಚಮಚ ಸಾಸಿವೆ ಪೇಸ್ಟು, ಒಂದು ಕಟ್ಟು ಹೆಚ್ಚಿದ ಈರುಳ್ಳಿ ಹೂವು, ಉಪ್ಪು ಇಷ್ಟನ್ನೂ ರಸ ಬಿಡುವವರೆಗೆ ಅರೆದು, ಮೂರು ಚಮಚ ಸ್ಮೆತಾನಾದಲ್ಲಿ ಕಲಸಿ, ದ್ರವವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಉಪ್ಪು ಇಲ್ಲಿಗೆ ಮಾತ್ರ. ತರಕಾರಿಗೆ ಹಾಕಿದರೆ ಸೌತೆ ನೀರು ಬಿಟ್ಟು ಸಪ್ಪೆಯಾಗುತ್ತದೆ. ತರಕಾರಿ ಬೇರೆ, ದ್ರವ ಬೇರೆ ಫ್ರಿಜ್‌ನಲ್ಲಿಟ್ಟು ಬಡಿಸುವಾಗಲೇ ಕೂಡಿಸಿ.

ಮೇಲೆ ಉದುರಿಸುವ ಉಕ್ರೋಪ್ ಬೇರೇನಲ್ಲ, ನಮ್ಮ ಸಬ್ಬಸಿಗೆ ಸೊಪ್ಪು. ನಾವು ಪಲ್ಯಕ್ಕೆ ಬೇಯಿಸುತ್ತೇವೆ, ಅವರು ಹಸಿಯಾಗಿಯೇ ಹಾಕುತ್ತಾರೆ. ಬೇಸಿಗೆಯಲ್ಲಿ ಸಂತೆಯಲ್ಲಿ ಅಗ್ಗವಾಗಿದ್ದಾಗ ನಾಲ್ಕು ಕಟ್ಟು ತಂದು, ತೊಳೆದು, ಬಟ್ಟೆ ಮೇಲೆ ಪೂರ್ತಿ ನೀರಾರಿಸಿ, ಹೆಚ್ಚಿ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿಡಿ. ನೀರು ಉಳಿದಿದ್ದರೆ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಜನವರಿಯಲ್ಲಿ ಶ್ಚಿ ಇಳಿಸಿದ ಮೇಲೆ ಡಬ್ಬಿಯಿಂದ ನೇರವಾಗಿ ಒಂದು ಹಿಡಿ ಉದುರಿಸಿ ಮುಚ್ಚಿಡಿ. ಕರಗಿಸಿ ಹಾಕುವ ಅಗತ್ಯವಿಲ್ಲ.