ಲಂಡನ್ನಿಗೆ ಬಂದ ಮೇಲೆ ತಲೆ ಕೆರೆತವೇ? ತಾರೀಖು ಹಾಕಿ ಬರೆದಿಡಿ

ಲಂಡನ್ನಿಗೆ ಬಂದು ನಾಲ್ಕು ತಿಂಗಳಾಯಿತು, ತಲೆ ಕೆರೆಯುತ್ತೆ, ಹೊಟ್ಟು ಉದುರುತ್ತೆ, ಬಾಚಿದರೆ ಕೂದಲು ಕಿತ್ತು ಬರುತ್ತೆ, ಇಲ್ಲಿನ ನೀರೇ ಕಾರಣವಾ ಅಂತ ಕೇಳಿದ್ದೀರಿ.

ನೀರು ಗಡಸು, ನಿಜ. ಕೆಟಲ್ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿಯೇ ಇರುತ್ತೀರಿ. ಕೂದಲು ಒರಟಾಗುವುದಕ್ಕೆ ಅದು ಸಾಕು. ಆದರೆ ಬುಡದಿಂದ ಉದುರಿದರೆ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ನೋಡಬೇಕು. ಜೋರು ಜ್ವರ, ಊಟ ಸರಿಹೋಗದೆ ತೂಕ ಇಳಿದದ್ದು, ಹೊರಡುವ ಹೊತ್ತಿನ ಆತಂಕ, ಇವೆಲ್ಲ ಕೂದಲಲ್ಲಿ ಕಾಣಿಸುವುದು ಆಮೇಲೆ. ಅಷ್ಟು ಹೊತ್ತಿಗೆ ನಮಗೆ ಮರೆತೇ ಹೋಗಿರುತ್ತದೆ. ಅದಕ್ಕೇ ಬರೆದಿಡಿ ಅನ್ನುವುದು.

ಇನ್ನೊಂದು ಕಾರಣವೂ ಇದೆ. ಜಿಪಿ, ಅಂದರೆ ಇಲ್ಲಿ ಮೊದಲು ತೋರಿಸಿಕೊಳ್ಳುವ ಸಾಮಾನ್ಯ ಡಾಕ್ಟರ್, ಹತ್ತಿರ ನಿಮಗೆ ಸಿಗುವುದು ಸುಮಾರು 10 ನಿಮಿಷ. 'ತುಂಬಾ ದಿನದಿಂದ ಕೆರೆತ' ಅಂದರೆ ಅವರಿಗೆ ಏನು ಗೊತ್ತಾಗುತ್ತೆ ಹೇಳಿ?

ಫೋನಿನ ಕ್ಯಾಲೆಂಡರ್ ಸಾಕು. ತಲೆಸ್ನಾನದ ದಿನ, ಯಾವ ಶಾಂಪೂ, ಎಣ್ಣೆ ಹಚ್ಚಿದ್ದು, ಡೈ ಹಾಕಿದ್ದು, ಕೆರೆತಕ್ಕೆ 10ಕ್ಕೆ ಎಷ್ಟು ಅಂಕ, ಎಲ್ಲಿ: ನೆತ್ತಿಯಲ್ಲೋ, ಕಿವಿ ಹಿಂದೆಯೋ, ಹುಬ್ಬಿನಲ್ಲೂ ಇದೆಯೋ. ತಿಂಗಳಿಗೊಮ್ಮೆ ಫೋಟೋ ತೆಗೆಯಿರಿ. ಅದೇ ಕಿಟಕಿ ಬೆಳಕು, ಅದೇ ಬೈತಲೆ, ಕೂದಲು ಒಣಗಿರಲಿ. ಒದ್ದೆ ಕೂದಲಲ್ಲಿ ಯಾರ ನೆತ್ತಿಯೂ ಬೋಳಾಗಿಯೇ ಕಾಣುತ್ತದೆ. ಉದುರಿದ ಕೂದಲು ಮಾತ್ರ ದಿನಾ ಎಣಿಸಬೇಡಿ. ದಿನಕ್ಕೆ 50ರಿಂದ 100 ಉದುರುವುದು ಸಹಜ, ಸುಮ್ನೆ ಭಯ ಜಾಸ್ತಿಯಾಗುತ್ತೆ.

ಊರಿಂದ ತಂದ ಕೊಬ್ಬರಿ ಎಣ್ಣೆಯ ವಿಷಯ ಹೇಳಲೇಬೇಕು. ಹೊಟ್ಟು ಜಿಡ್ಡುಜಿಡ್ಡಾಗಿ, ಹಳದಿಯಾಗಿ ಅಂಟಿಕೊಂಡಿದ್ದರೆ ಅದರ ಹಿಂದೆ ಮಲಸೇಜಿಯಾ ಅನ್ನುವ ಯೀಸ್ಟ್ ಇರುತ್ತದೆ. ಅದಕ್ಕೆ ಜಿಡ್ಡೇ ಆಹಾರ. ಅಮ್ಮ ಬೇಜಾರು ಮಾಡಿಕೊಂಡರೂ ಸ್ವಲ್ಪ ದಿನ ಎಣ್ಣೆ ನಿಲ್ಲಿಸಿ ನೋಡಿ. ಆ ಯೀಸ್ಟನ್ನು ತಡೆಯುವ 2% ಕೀಟೋಕೋನಜೋಲ್ ಶಾಂಪೂ ಇಲ್ಲಿ ಚೀಟಿಯಿಲ್ಲದೆ ಫಾರ್ಮಸಿಯಲ್ಲೇ ಸಿಗುತ್ತದೆ, ಫಾರ್ಮಸಿಸ್ಟನ್ನು ಕೇಳಿಯೇ ತಗೊಳ್ಳಿ. ವಾರಕ್ಕೆ ಎರಡು ಸಲ, ನೊರೆ 3ರಿಂದ 5 ನಿಮಿಷ ತಲೆಯಲ್ಲಿರಲಿ, 2ರಿಂದ 4 ವಾರ ಹಾಕಿ. ಶುರು ಮಾಡಿದ ತಾರೀಖು ಬರೆಯಿರಿ. ಎಣ್ಣೆ, ಶಾಂಪೂ ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ, ಅಲ್ವಾ?

ದುಂಡಗೆ ಬೋಳಾದ ಜಾಗ, ಕೀವು, ನೋವು ಕಂಡರೆ ಈ ಲೆಕ್ಕವೆಲ್ಲ ಬಿಟ್ಟು ನೇರ ಜಿಪಿ ಹತ್ತಿರ ಹೋಗಿ. ಬೆಳ್ಳಿ ಬಣ್ಣದ ದಪ್ಪ ಪೊರೆ ಹಣೆಯಂಚಿಗೂ ಮೊಣಕೈಗೂ ಬಂದಿದ್ದರೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು, ಅದನ್ನೂ ತೋರಿಸಿ. ಇನ್ನೂ ಜಿಪಿ ರಿಜಿಸ್ಟ್ರೇಷನ್ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.