ದೆವ್ವ 8ನೇ ಪುಟಕ್ಕೇ ಬಂದುಬಿಟ್ಟರೆ 23ನೇ ಪುಟ ಬರೆಯೋದು ಹೇಗೆ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ನಾವು ನಾಲ್ವರು ಗೆಳೆಯರು ಸೇರಿ ಹಾರರ್ ಸಿನಿಮಾ ಮಾಡಲು ಹೊರಟಿದ್ದೇವೆ. ಕೈಯಲ್ಲಿರುವುದು 4 ಲಕ್ಷ ರೂಪಾಯಿ. ಸೋದರಮಾವನ ರೈಸ್ ಮಿಲ್ ಮೂರು ವರ್ಷದಿಂದ ಬಂದ್ ಆಗಿದೆ, ಶೂಟಿಂಗ್ ಅಲ್ಲೇ. ನಾಲ್ವರು ಹುಡುಗರು ಮಿಲ್ಲಿಗೆ ಹೋಗುತ್ತಾರೆ, 8ನೇ ಪುಟಕ್ಕೆ ಬಿಳಿ ಸೀರೆಯ ದೆವ್ವ ಬರುತ್ತದೆ. ಹೀಗೆ 22 ಪುಟ ಬರೆದೆ. ಆಮೇಲೆ ಎರಡು ತಿಂಗಳಿಂದ ಪೆನ್ನೇ ಓಡುತ್ತಿಲ್ಲ. ಏನು ಬರೆದರೂ ಎಲ್ಲೋ ನೋಡಿದ ಸಿನಿಮಾ ಅನ್ನಿಸುತ್ತದೆ. ಒಂದೆರಡು ಪುಟ ಕಳಿಸಿದ್ದೇನೆ, ದಾರಿ ತೋರಿಸಿ.

ಉತ್ತರ: ನಿಮ್ಮ ಪೆನ್ನಿಗೆ ಏನೂ ಆಗಿಲ್ಲ. ದೆವ್ವ ಬೇಗ ಬಂತು, ಅಷ್ಟೇ.

ಚಿತ್ರಕಥೆಯ ಒಂದು ಪುಟ ಅಂದರೆ ಪರದೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ಅಂದರೆ ನಿಮ್ಮ ಪ್ರೇಕ್ಷಕ ಎಂಟನೇ ನಿಮಿಷಕ್ಕೇ ಸೀರೆ, ಬಿಚ್ಚಿದ ಕೂದಲು ಎಲ್ಲ ನೋಡಿ ಮುಗಿಸಿದ. ಆಮೇಲೆ ದೆವ್ವ ಏನು ಮಾಡಬೇಕು? ಮತ್ತೆ ಬರಬೇಕು. ಮೂರನೇ ಸಲ ಬರುವಷ್ಟರಲ್ಲಿ ಬರೆಯುವ ನಿಮಗೇ ಬೇಜಾರಾಗಿದೆ. ಆ ಎಂಟನೇ ಪುಟ ತೆಗೆದಿಡಿ. ಹರಿಯಬೇಡಿ, ಕೊನೆಗೆ ಬೇಕಾಗಬಹುದು.

ಈಗ ಒಂದು ಪ್ರಶ್ನೆ. ಬಿಳಿ ಸೀರೆಯ ಹೆಂಗಸು ಹಾಸ್ಟೆಲ್ಲಿನಲ್ಲೂ ಬರಬಹುದು, ರೈಲ್ವೆ ಗೇಟಿನಲ್ಲೂ ಬರಬಹುದು. ಅಕ್ಕಿ ಮಿಲ್ಲಿನಲ್ಲಿ ಮಾತ್ರ ಇರಬಹುದಾದ ದೆವ್ವ ಯಾವುದು? ಅದಕ್ಕೆ ಏನು ಬೇಕು? ಇದು ತಿಳಿಯದೆ ಕೂತರೆ ಎರಡು ತಿಂಗಳಲ್ಲ, ಎರಡು ವರ್ಷ ಕೂತರೂ ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ಕಾಳು ಅಳೆಯುವಾಗ ನಮ್ಮ ಹಿರಿಯರು 'ಒಂದು' ಅನ್ನುವುದಿಲ್ಲ, 'ಲಾಭ' ಅಂತಾರೆ, ಅಲ್ವಾ? ಲಾಭ, ಎರಡು, ಮೂರು ಅಂತ ಎಣಿಕೆ ಹೋಗುತ್ತದೆ. ನಿಮ್ಮ ನಾಲ್ವರು ಹುಡುಗರು ಮಿಲ್ಲಿನ ಗೋದಾಮಿನಲ್ಲಿ ಕೂತಿದ್ದಾರೆ. ಮೂಲೆಯಲ್ಲಿ ಹಳೇ ಚೀಲಗಳು. ಒಬ್ಬ ಸುಮ್ನೆ ತಮಾಷೆಗೆ ತಾತನ ದನಿ ಮಾಡಿ ಎಣಿಸುತ್ತಾನೆ. ಲಾಭ, ಎರಡು, ಮೂರು... ಹನ್ನೊಂದಕ್ಕೆ ಚೀಲ ಮುಗಿಯುತ್ತವೆ. ಅವನು ನಿಲ್ಲಿಸುತ್ತಾನೆ. ಚೀಲಗಳ ಹಿಂದಿನಿಂದ ಯಾರೋ ಮೆಲ್ಲಗೆ, ದಣಿದ ದನಿಯಲ್ಲಿ, "ಹನ್ನೆರಡು" ಅಂತಾರೆ.

ಅಷ್ಟೇ. ಯಾರನ್ನೂ ತೋರಿಸಬೇಡಿ. ಮರುದಿನ ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದ ಲೆಕ್ಕದ ಗೆರೆಗಳಲ್ಲಿ ಒಂದು ಗೆರೆ ಜಾಸ್ತಿ ಇರಲಿ. ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಎಣಿಕೆಯಲ್ಲಿ ಒಂದು ಚೀಲ ತಪ್ಪಿದರೆ ಅಷ್ಟು ಕೂಲಿ ಹೋಯಿತು. ಯಾರೋ ಒಬ್ಬನಿಗೆ ವರ್ಷಗಟ್ಟಲೆ ಲೆಕ್ಕ ತಪ್ಪಿಸಿದ್ದಾರೆ, ಅವನಿಗೆ ಈಗ ಲೆಕ್ಕ ಸರಿಹೋಗಬೇಕು. ನೋಡಿ, ದೆವ್ವಕ್ಕೆ ಒಂದು ಆಸೆ ಬಂತು, ಮಿಲ್ಲಿಗೂ ಅದಕ್ಕೂ ನಂಟು ಬಂತು, ಮುಂದಿನ ಸೀನ್ ತಾನಾಗಿ ಕಾಣುತ್ತದೆ. ಖರ್ಚು ಒಂದು ಸುಣ್ಣದ ಕಡ್ಡಿ, ಒಂದು ದನಿ. ಇದನ್ನೇ ಬರೆಯಿರಿ ಅಂತಲ್ಲ. ಅಲ್ಲಿ ದುಡಿದ ಹಳೇ ಹಮಾಲರ ಜೊತೆ ಒಂದು ಸಂಜೆ ಚಹಾ ಕುಡಿಯಿರಿ, ಇದಕ್ಕಿಂತ ಒಳ್ಳೆಯದು ಸಿಗುತ್ತದೆ.

ಪೆನ್ ನಿಲ್ಲುವುದಕ್ಕೆ ಇನ್ನೊಂದು ಕಾರಣ ದುಡ್ಡು. ನೀವು ಬರೆಯುತ್ತಿರುವ ಸೀನ್ ತೆಗೆಯುವುದಕ್ಕೆ ಆಗಲ್ಲ ಅಂತ ಒಳಗೊಳಗೆ ಗೊತ್ತಿರುತ್ತದೆ, ಕೈ ಹಿಂಜರಿಯುತ್ತದೆ. ನನ್ನ ಮೊದಲ ಸಿನಿಮಾದಲ್ಲಿ 'ಧೋ ಅಂತ ಮಳೆ' ಎಂದು ಮೂರೇ ಪದ ಬರೆದಿದ್ದೆ. ಶೂಟಿಂಗ್ ರಾಯಚೂರಿನಲ್ಲಿ, ಮೇ ತಿಂಗಳು. ಕುಡಿಯುವ ನೀರಿಗೇ ಜನ ಕೊಡ ಹಿಡಿದು ನಿಂತಿರುವಾಗ ನಾವು ಟ್ಯಾಂಕರ್ ತರಿಸಿದೆವು. ನಾಯಕಿ ಬಾಗಿಲು ತೆರೆಯುವ ಮೊದಲೇ ಟ್ಯಾಂಕರ್ ಖಾಲಿ. ನಿರ್ಮಾಪಕರು ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟರು. ಅಂದಿನಿಂದ ಪ್ರತಿ ಸೀನಿನ ಪಕ್ಕ ಪೆನ್ಸಿಲ್ಲಿನಲ್ಲಿ ಖರ್ಚು ಬರೆದುಕೊಳ್ಳುತ್ತೇನೆ.

ಹಾರರ್ ಅಂದರೆ ರಾತ್ರಿ ಅಂತ ಯಾರು ಹೇಳಿದರು? ರಾತ್ರಿ ಶೂಟ್ ಅಂದರೆ ಜನರೇಟರ್, ಲೈಟು, ನಿದ್ದೆಗೆಟ್ಟ ಹುಡುಗರು. ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹೋಗಬೇಡ ಅಂತ ನಮ್ಮಜ್ಜಿ ಬೈಯುತ್ತಿದ್ದಳು, ನಿಮ್ಮಜ್ಜಿಯೂ ಬೈದಿರುತ್ತಾಳೆ. 40 ಡಿಗ್ರಿ ದಾಟಿದ ಮಧ್ಯಾಹ್ನ ನಮ್ಮ ಕಡೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ. ಖಾಲಿ ಓಣಿ, ಕರೆಂಟ್ ಇಲ್ಲ, ನಾಯಿಯೂ ಬೊಗಳಲ್ಲ. ಆ ಬೆಳಕಿಗೆ ಬಾಡಿಗೆ ಕೊಡಬೇಕಾಗಿಲ್ಲ.

2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ನಿರ್ದೇಶಕ ತೆಗೆದದ್ದು ತನ್ನ ಸ್ವಂತ ಮನೆಯಲ್ಲೇ, ಸುಮಾರು 15 ಸಾವಿರ ಡಾಲರ್‌ನಲ್ಲಿ. ಕ್ಯಾಮೆರಾ ಮಲಗುವ ಕೋಣೆಯ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತದೆ. ನಾವು ಬಾಗಿಲನ್ನೇ ನೋಡುತ್ತ ಬೆವರುತ್ತೇವೆ. ನಿಮ್ಮ ಗೋದಾಮಿಗೂ ಬಾಗಿಲಿದೆಯಲ್ಲ.

ಕಳಿಸಿದ ಪುಟಗಳಲ್ಲಿ ನಿಮ್ಮ ನಾಯಕ "ನಾನು ಅಲ್ಲಿಗೆ ಬರುವುದಿಲ್ಲ" ಅಂತಾನೆ. ಗಂಗಾವತಿಯ ಹುಡುಗ ಹೆದರಿದಾಗ ಹೀಗೆ ಮಾತಾಡುತ್ತಾನಾ? "ನಾ ಒಲ್ಲೆ, ಬರಂಗಿಲ್ಲ" ಅಂತ ಬರೆದು ನೋಡಿ. ಎಲ್ಲೋ ನೋಡಿದ ಸಿನಿಮಾ ಅನ್ನಿಸುವುದು ಅರ್ಧ ಅಲ್ಲೇ ಕರಗುತ್ತದೆ.

ಹಿರೇಬೆಣಕಲ್ ಗುಡ್ಡದ ಮೋರೇರ ಮನೆಗಳಲ್ಲಿ ಕ್ಲೈಮ್ಯಾಕ್ಸ್ ಇಡುವ ಆಸೆ ನಿಮಗೂ ಬಂದೇ ಬರುತ್ತದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳು, ಯಾರಿಗೆ ಆಸೆಯಾಗಲ್ಲ? ಆದರೆ ಅದು ಸಂರಕ್ಷಿತ ತಾಣ, ಅನುಮತಿ ಇಲ್ಲದೆ ಶೂಟಿಂಗ್ ಮಾಡುವಂತಿಲ್ಲ. ಕ್ಯಾಮೆರಾ ಬಿಟ್ಟು ಹೋಗಿ ಬನ್ನಿ, ಅಲ್ಲಿನ ಗಾಳಿ ಕೇಳಿ ಬನ್ನಿ. ನಿಮ್ಮ 4 ಲಕ್ಷದಲ್ಲಿ ಶಬ್ದಕ್ಕೆ ಎಷ್ಟು ಎತ್ತಿಟ್ಟಿದ್ದೀರಿ ಅಂತ ಬರೆದಿಲ್ಲ. ಏನೂ ಇಟ್ಟಿಲ್ಲ ಅಂತ ನನ್ನ ಅನುಮಾನ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಒಳ್ಳೆಯ ಮೈಕ್ ಒಂದನ್ನು ಬಾಡಿಗೆಗೆ ತನ್ನಿ.

ಈ ಭಾನುವಾರ ಮಧ್ಯಾಹ್ನ 2 ಗಂಟೆಗೆ ಒಬ್ಬರೇ ಮಿಲ್ಲಿಗೆ ಹೋಗಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಒಂದು ಗಂಟೆ ಕೂತುಕೊಳ್ಳಿ. ಕಥೆ ಬರೆಯಬೇಡಿ, ಕೇಳಿದ್ದನ್ನು ಮಾತ್ರ ಬರೆಯಿರಿ. ತಗಡು ಕಾಯ್ದು ಟಣ್ ಅಂದದ್ದು, ಪಾರಿವಾಳ ರೆಕ್ಕೆ ಬಡಿದದ್ದು, ಮೇಲೆ ಏನೋ ಓಡಿದ್ದು. ರಾತ್ರಿ ದೀಪ ಆರಿಸಿ ಅದನ್ನೇ ಮತ್ತೆ ಕೇಳಿ. ಯಾವುದಕ್ಕೆ ಮೈ ಜುಮ್ ಅಂತೋ ಅಲ್ಲಿಂದ ಬರೆಯಲು ಶುರು ಮಾಡಿ, ಅದು ಎಷ್ಟನೇ ಪುಟ ಅಂತ ಯೋಚಿಸಬೇಡಿ.

ಒಂದು ಮಾತು ಮರೆತಿದ್ದೆ. ಹೊಟ್ಟಿನ ರಾಶಿಯ ಹತ್ತಿರ ಪಂಜು, ಬೆಂಕಿಯ ಸೀನ್ ಮಾತ್ರ ಬೇಡ. ಒಣ ಹೊಟ್ಟು ಹತ್ತಿಕೊಂಡರೆ ಒಳಗೊಳಗೇ ಉರಿಯುತ್ತಿರುತ್ತದೆ, ಆರಿಸುವುದು ಕಷ್ಟ. ನಿಮ್ಮ ಮಾವ ಮಿಲ್ ಬಂದ್ ಮಾಡಿದ್ದಾರೆ, ಸುಡಲು ಕೊಟ್ಟಿಲ್ಲ.